ಕಾಮ್ 3 ಎಲ್ಲಿ ಹೋಯಿತು?

ಮಂಗಳೂರಿನ ಬಂದರು ಕಡೆಯ ಅಡಿಕೆ ಅಂಗಡಿಯೊಂದಕ್ಕೆ, ತೂಕದ ಯಂತ್ರದಿಂದ ನೇರವಾಗಿ ಬಿಲ್ ಬರೆಯುವ ಸಣ್ಣ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಎರಡು ತಿಂಗಳು ತಂಟೆಯಿಲ್ಲದೆ ನಡೆಯಿತು. ಒಂದು ಸೋಮವಾರ ಕರೆ ಬಂತು: ತಕ್ಕಡಿಯಲ್ಲಿ ಗೋಣಿ ಇದೆ, ಪರದೆಯಲ್ಲಿ ಸೊನ್ನೆ.

ಹೋಗಿ ನೋಡಿದರೆ, ಗುಡಿಸುವಾಗ ಯಾರೋ ಯುಎಸ್‌ಬಿ ತಂತಿ ಕಿತ್ತು ಪಕ್ಕದ ಕಿಂಡಿಗೆ ಸಿಕ್ಕಿಸಿದ್ದರು. ಅಷ್ಟೇ. ತಕ್ಕಡಿಯ ಸೀರಿಯಲ್ ತಂತಿಯನ್ನು ಯುಎಸ್‌ಬಿಗೆ ಹೊಂದಿಸುವ ಪರಿವರ್ತಕದಲ್ಲಿದ್ದದ್ದು ಸಿಎಚ್340 ಚಿಪ್. ಅದಕ್ಕೆ ತನ್ನದೇ ಸೀರಿಯಲ್ ಸಂಖ್ಯೆ ಇಲ್ಲದ ಕಾರಣ, ಕಿಂಡಿ ಬದಲಾದರೆ ವಿಂಡೋಸ್ ಹೊಸ ಸಾಧನವೆಂದೇ ತಿಳಿಯುತ್ತದೆ. ಇಂಥ ಸೀರಿಯಲ್ ಪೋರ್ಟ್‌ಗೆ (ಸಂಪರ್ಕಕ್ಕೆ) ವಿಂಡೋಸ್ ಕೊಡುವ ಹೆಸರು ‘ಕಾಮ್’ ಮತ್ತು ಒಂದು ಸಂಖ್ಯೆ. ಕಾಮ್ 3 ಇದ್ದದ್ದು ಕಾಮ್ 7 ಆಗಿತ್ತು. ನಾನೋ ಕೋಡ್‌ನಲ್ಲಿ ಕಾಮ್ 3 ಎಂದು ಶಿಲಾಶಾಸನ ಕೆತ್ತಿಟ್ಟಿದ್ದೆ! ಗುಡಿಸಿದವರನ್ನು ದೂರಿ ಫಲವಿಲ್ಲ.

ಮೊದಲು 1ರಿಂದ 20ರವರೆಗಿನ ಪೋರ್ಟ್‌ಗಳನ್ನು ಒಂದೊಂದಾಗಿ ತೆರೆದು ನೋಡುವ ಲೂಪ್ ಬರೆದೆ. ಬ್ಲೂಟೂತ್ ಪೋರ್ಟ್ ಎದುರಾದಾಗ ಅದು ಉತ್ತರಕ್ಕಾಗಿ ಕಾದು ಕುಳಿತೇ ಬಿಟ್ಟಿತು. ಬೇರೆ ಪ್ರೋಗ್ರಾಂ ಹಿಡಿದಿದ್ದ ಪೋರ್ಟ್ ಕೂಡ ‘ಇಲ್ಲ’ ಎಂದೇ ಲೆಕ್ಕಕ್ಕೆ ಬಂತು.

ಆಮೇಲೆ ಪೈಥಾನ್ ಭಾಷೆಯಲ್ಲಿ ಸೀರಿಯಲ್ ಪೋರ್ಟ್‌ಗಳ ಕೆಲಸಕ್ಕಿರುವ ಪೈಸೀರಿಯಲ್ ಲೈಬ್ರರಿಯ ಕಾಮ್‌ಪೋರ್ಟ್ಸ್ ಫಂಕ್ಷನ್ ಹಿಡಿದೆ. ಅದು ಯಾವುದನ್ನೂ ತೆರೆಯದೆ, ಇರುವ ಪೋರ್ಟ್‌ಗಳ ಪಟ್ಟಿ ಕೊಡುತ್ತದೆ. ಯುಎಸ್‌ಬಿಯದ್ದಾದರೆ ತಯಾರಕರ ಗುರುತು ವಿಐಡಿ, ಉತ್ಪನ್ನದ ಗುರುತು ಪಿಐಡಿ ಕೂಡ ಸಿಗುತ್ತವೆ. ವಿಐಡಿ 1ಎ86, ಪಿಐಡಿ 7523 ಇರುವ ಪೋರ್ಟನ್ನು ಆರಿಸಿದರೆ ಸಾಕು, ಕಾಮ್ ಸಂಖ್ಯೆ ಏನೇ ಇರಲಿ. ಇವು ಹೆಕ್ಸ್, ಅಂದರೆ 16ರ ಆಧಾರದ ಸಂಖ್ಯೆಗಳು; ಕೋಡ್‌ನಲ್ಲಿ ಅದನ್ನು ತಿಳಿಸಲು ಮುಂದೆ 0ಎಕ್ಸ್ ಬರೆಯಬೇಕು. 7523ರ ಮುಂದೆ 0ಎಕ್ಸ್ ಹಾಕಲು ಮರೆತು ಅರ್ಧ ಗಂಟೆ ತಲೆ ಕೆರೆದುಕೊಂಡೆ.

ಕೊನೆಗೆ ಚಾಲಿ ಅಡಿಕೆಯ ಅದೇ ಗೋಣಿಯನ್ನಿಟ್ಟು ತಂತಿಯನ್ನು ನಾಲ್ಕೂ ಕಿಂಡಿಗಳಿಗೆ ಸಿಕ್ಕಿಸಿ ನೋಡಿದೆ. ನಾಲ್ಕು ಬಾರಿಯೂ 64.350 ಕಿಲೋ.