ಬಂದೂಕು ಖರೀದಿಯ ಹಿನ್ನೆಲೆ ಪರಿಶೀಲನೆ: ಉಳಿಯುವ ದಾಖಲೆ, ಅಳಿಯುವ ದಾಖಲೆ

ಅಮೆರಿಕದಲ್ಲಿ ನೆಲೆಸಿರುವ ಗ್ರೀನ್ ಕಾರ್ಡ್‌ದಾರ ಕನ್ನಡಿಗರು ಬಂದೂಕಿನ ಅಂಗಡಿಯಲ್ಲಿ ತಡವರಿಸುವುದನ್ನು ಹಲವು ಬಾರಿ ಕಂಡಿದ್ದೇನೆ. ತೊಡಕು ಹೆಚ್ಚಾಗಿ ಹೆಸರಿನದೇ.

ಮೊದಲು, ಈಗಿನ ವಿಳಾಸವಿರುವ ಸರ್ಕಾರಿ ಗುರುತಿನ ಚೀಟಿ ಒಯ್ಯಿರಿ.

ಮುಂದಿನದು ಬಂದೂಕು ಕೊಳ್ಳುವವರು ಅಂಗಡಿಯಲ್ಲಿ ತುಂಬಬೇಕಾದ 4473 ಎಂಬ ಫೆಡರಲ್ ನಮೂನೆ; ಇಲ್ಲಿ ಅವಸರ ಸಲ್ಲದು. ನಮ್ಮಲ್ಲಿ ಊರಿನ ಅಥವಾ ತಂದೆಯ ಹೆಸರು ಇನಿಷಿಯಲ್ ಆಗಿ ಮುಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ವಿಸ್ತರಿಸಿ ಕೊನೆಯ ಹೆಸರಾಗುತ್ತದೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಮತ್ತೊಂದು ರೂಪ ತಾಳುತ್ತದೆ. ಅಂಗಡಿಗೆ ಹೋಗುವ ಮೊದಲೇ ಇವೆರಡನ್ನೂ ಹೊಂದಿಸಿಕೊಳ್ಳಿ. ಕಾನೂನುಬದ್ಧ ಹೆಸರಿನಲ್ಲಿ ಬರಿಯ ಇನಿಷಿಯಲ್ ಇದ್ದರೆ ಅದರ ನಂತರ ‘ಐಓ’ ಎಂದೂ, ಮಧ್ಯದ ಹೆಸರೇ ಇಲ್ಲದಿದ್ದರೆ ‘ಎನ್‌ಎಂಎನ್’ ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕೆಂದು ನಮೂನೆಯೇ ಸೂಚಿಸುತ್ತದೆ. ಆ ಜಾಗವನ್ನು ಖಾಲಿ ಬಿಡಬೇಡಿ. ಗ್ರೀನ್ ಕಾರ್ಡಿನ ಮೇಲಿರುವ ‘ಎ’ ಸಂಖ್ಯೆಯನ್ನೂ ನಮೂದಿಸಬೇಕು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಐಚ್ಛಿಕವಾದರೂ ಬರೆಯಲೇಬೇಕೆಂಬುದು ನನ್ನ ಸಲಹೆ, ಏಕೆಂದರೆ ನಿಮ್ಮದೇ ಹೆಸರಿನ ಬೇರೊಬ್ಬರ ಅಪರಾಧ ದಾಖಲೆ ನಿಮ್ಮ ತಲೆಗೆ ಅಂಟದಂತೆ ತಡೆಯಲು ಅದು ನೆರವಾಗುತ್ತದೆ. ಹೆಸರಿನ ಕಾಟ ಬೇಡವೆಂದು ಗೆಳೆಯನ ಹೆಸರಿನಲ್ಲಿ ಕೊಳ್ಳುವ ಒಳದಾರಿಯನ್ನಂತೂ ಎಂದಿಗೂ ಹಿಡಿಯಬೇಡಿ; ನಿಜವಾದ ಖರೀದಿದಾರ ಯಾರೆಂಬುದರ ಬಗ್ಗೆ ಸುಳ್ಳು ಬರೆಯುವುದು ಫೆಡರಲ್ ಅಪರಾಧ.

ಬಳಿಕ ಅಂಗಡಿಯವರು 1998ರ ನವೆಂಬರ್ 30ರಿಂದ ನಡೆಯುತ್ತಿರುವ ಎಫ್‌ಬಿಐನ ‘ನಿಕ್ಸ್’ ಎಂಬ ಹಿನ್ನೆಲೆ ಪರಿಶೀಲನಾ ವ್ಯವಸ್ಥೆಯನ್ನು ವಿಚಾರಿಸುತ್ತಾರೆ. ಕೆಲವು ರಾಜ್ಯಗಳಲ್ಲಿ ಈ ವಿಚಾರಣೆ ರಾಜ್ಯದ ಇಲಾಖೆಯ ಮೂಲಕ ನಡೆಯುತ್ತದೆ. ಒಪ್ಪಿಗೆ, ವಿಳಂಬ, ನಿರಾಕರಣೆ, ಈ ಮೂರರಲ್ಲಿ ಒಂದು ಉತ್ತರ ಬರುತ್ತದೆ.

ಒಪ್ಪಿಗೆ ಸಿಕ್ಕರೆ, ಅಂಗಡಿಗೆ ತಿಳಿಸಿದ 24 ಗಂಟೆಗಳೊಳಗೆ ಎಫ್‌ಬಿಐ ನಿಮ್ಮ ಗುರುತಿನ ವಿವರಗಳನ್ನು ಅಳಿಸಬೇಕು; ವ್ಯವಹಾರದ ಸಂಖ್ಯೆ ಮತ್ತು ದಿನಾಂಕವಷ್ಟೇ ಉಳಿಯುತ್ತವೆ. ಹೀಗೆ ಅಳಿಸುವುದರಿಂದಲೇ, ಈ ಬಾರಿ ಬಗೆಹರಿದ ಹೆಸರಿನ ಗೊಂದಲ ಮುಂದಿನ ಖರೀದಿಯಲ್ಲಿ ಮತ್ತೆ ಎದುರಾಗುತ್ತದೆ. ನಿರಾಕರಣೆಯ ದಾಖಲೆ ಹೀಗೆ ಅಳಿಯುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯವು ಖರೀದಿಯ ದಾಖಲೆಯನ್ನು ತಾನೇ ಇಟ್ಟುಕೊಳ್ಳುತ್ತದೆ.

ನೀವು ಸಹಿ ಮಾಡಿದ ನಮೂನೆಯ ಕಥೆ ಬೇರೆ. ಹಿಂದೆ ಅಂಗಡಿಯವರು ಅದನ್ನು 20 ವರ್ಷ ಕಾಯ್ದಿಟ್ಟರೆ ಸಾಕಾಗಿತ್ತು. 2022ರ ಆಗಸ್ಟ್‌ನಿಂದ ಜಾರಿಯಾದ ನಿಯಮದಂತೆ ಅಂಗಡಿ ನಡೆಯುವಷ್ಟು ಕಾಲವೂ ಅದನ್ನು ಇಡಬೇಕು, ವ್ಯಾಪಾರ ಸಂಪೂರ್ಣ ನಿಂತರೆ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ, ಬಂದೂಕು ವ್ಯಾಪಾರವನ್ನು ನಿಯಂತ್ರಿಸುವ ಫೆಡರಲ್ ಸಂಸ್ಥೆ ಎಟಿಎಫ್‌ನ ಕೇಂದ್ರಕ್ಕೆ ಕಳುಹಿಸಬೇಕು.

ಪದೇಪದೇ ವಿಳಂಬವಾದರೆ ಬೆರಳಚ್ಚಿನೊಂದಿಗೆ ಎಫ್‌ಬಿಐಗೆ ನೇರವಾಗಿ ಅರ್ಜಿ ಸಲ್ಲಿಸಿ, ನಿಮ್ಮ ವಿವರವನ್ನು ಅಳಿಸದೆ ಕಡತದಲ್ಲಿ ಇರಿಸಲು ಸಮ್ಮತಿಸಿ. ಅರ್ಜಿ ಮಂಜೂರಾದಾಗ ಸಿಗುವ ‘ಯುಪಿನ್’ ಎಂಬ ವೈಯಕ್ತಿಕ ಗುರುತಿನ ಸಂಖ್ಯೆಯನ್ನು ಮುಂದಿನ ಪ್ರತಿ ನಮೂನೆಯಲ್ಲೂ ನಮೂದಿಸಿ. ಇದನ್ನು ಮಾಡಿಕೊಡುವುದಾಗಿ ಹಣ ಕೇಳುವ ಮಧ್ಯವರ್ತಿಗಳ ಅಗತ್ಯವಿಲ್ಲ.