ಗಣಿತ ಶಿಕ್ಷಕರ ಅಧ್ಯಯನ ಬಳಗ: ಮಕ್ಕಳ ನೋಟ್‌ಬುಕ್‌ನಿಂದ ಆರಂಭಿಸುವುದು ಹೇಗೆ?

ನಮ್ಮ ಸರ್ಕಾರಿ ಶಾಲೆಗಳ ಬೀರುಗಳಲ್ಲಿ ಗಣಿತದ ಸಾಮಗ್ರಿ ಸಾಕಷ್ಟಿದೆ. ಗಣಿತ ಕಲಿಕಾ ಆಂದೋಲನದಲ್ಲಿ ನಾಲ್ಕು ಮತ್ತು ಐದನೇ ತರಗತಿಗಳಿಗೆಂದು ಬಂದ ಕಿಟ್, ನಲಿ-ಕಲಿ ಕಾರ್ಡುಗಳು, ತರಬೇತಿಗೆ ಹೋದಾಗಲೆಲ್ಲ ಕೊಟ್ಟ ಕೈಪಿಡಿಗಳು ಅಲ್ಲಿವೆ. ಕೈಯಲ್ಲಿರುವ ಫೋನಿನಲ್ಲಿ 2017ರಿಂದ ಪಾಠದ ವಿಡಿಯೊಗಳಿರುವ ದೀಕ್ಷಾ ವೇದಿಕೆಯೂ ಇದೆ. ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ತಮ್ಮ ವೃತ್ತಿಪರ ಕಲಿಕೆಗೆ ಕೊಡಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಇಷ್ಟೆಲ್ಲ ಇದ್ದರೂ, ಆರನೇ ತರಗತಿಯ ಮಗುವೊಂದು ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದರೆ, ಮರುದಿನ ತರಗತಿಯಲ್ಲಿ ಏನು ಮಾಡಬೇಕೆಂಬ ಪ್ರಶ್ನೆಗೆ ಶಿಕ್ಷಕರು ಒಬ್ಬರೇ ಕುಳಿತು ಉತ್ತರ ಹುಡುಕಬೇಕಾಗುತ್ತದೆ. ಶಿಕ್ಷಕರ ಮನಸ್ಸಿನಲ್ಲಿ ಮೊದಲೇ ಒಂದು ಪ್ರಶ್ನೆ ಇದ್ದಾಗ ಮಾತ್ರ ಸಂಪನ್ಮೂಲ ಕೆಲಸಕ್ಕೆ ಬರುತ್ತದೆ ಎಂಬುದು ಹಲವು ವರ್ಷ ಗಣಿತ ಕಲಿಸಿದ ಮೇಲೆ ನನಗೆ ಮನವರಿಕೆಯಾದ ಸಂಗತಿ. ಅಂಥ ಪ್ರಶ್ನೆಗಳು ಸಿಗುವುದು ಮಕ್ಕಳ ನೋಟ್‌ಬುಕ್‌ಗಳಲ್ಲಿ. ಒಂದು ಕ್ಲಸ್ಟರ್‌ನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ನಾಲ್ಕೈದು ಗಣಿತ ಶಿಕ್ಷಕರು ಸೇರಿ ಇದೇ ನೋಟ್‌ಬುಕ್‌ಗಳ ಮೇಲೆ ಅಧ್ಯಯನ ಬಳಗವೊಂದನ್ನು ಹೇಗೆ ಕಟ್ಟಬಹುದೆಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲ ಹಂತ: ಸಮಯ ಮತ್ತು ಜಾಗ

ಹೊಸ ಸಭೆಯೊಂದನ್ನು ಸೃಷ್ಟಿಸುವ ಗೋಜಿಗೆ ಹೋಗಬೇಡಿ. ಕ್ಲಸ್ಟರ್ ಸಂಪನ್ಮೂಲ ಕೇಂದ್ರದಲ್ಲಿ ನಡೆಯುವ ಸಮಾಲೋಚನಾ ಸಭೆಗೆ ಹೇಗೂ ಎಲ್ಲರೂ ಬರುತ್ತೀರಿ. ಅಂದು ಗಣಿತ ಬೋಧಿಸುವವರಿಗೆ ಒಂದು ಗಂಟೆ ಪ್ರತ್ಯೇಕವಾಗಿ ಬಿಟ್ಟುಕೊಡಬೇಕೆಂದು ಸಿಆರ್‌ಪಿಯವರನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು) ಮುಂಚಿತವಾಗಿಯೇ ಕೇಳಿಕೊಂಡರೆ ಓಓಡಿಯ, ಅಂದರೆ ಬೇರೆ ಕರ್ತವ್ಯಕ್ಕೆಂದು ಶಾಲೆಯಿಂದ ಹೊರಹೋಗುವ ಅನುಮತಿಯ, ತೊಡಕು ಇರುವುದಿಲ್ಲ, ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇನ್ನೊಬ್ಬರ ಮೇಲೆ ಐದು ತರಗತಿಗಳ ಭಾರ ಮತ್ತೊಂದು ದಿನ ಬೀಳುವುದೂ ಇಲ್ಲ. ಮೊದಲ ಸಭೆಗೆ ಮೂವರು ಬಂದರೂ ಸಾಕು.

ಎರಡನೇ ಹಂತ: ತಪ್ಪುಗಳನ್ನು ತರುವುದು

ಪ್ರತಿಯೊಬ್ಬರೂ ತಮ್ಮ ತರಗತಿಯಿಂದ ಐದಾರು ನೋಟ್‌ಬುಕ್ ಪುಟಗಳ ಫೋಟೊ ತೆಗೆದು ತರಬೇಕು. ಮಗುವಿನ ಹೆಸರು ಕಾಣದಂತೆ ನೋಡಿಕೊಳ್ಳಿ. ಕೆಂಪು ಶಾಯಿಯ ಗುರುತು ಬೀಳುವ ಮೊದಲೇ ತೆಗೆದ ಫೋಟೊ ಆದರೆ ಒಳ್ಳೆಯದು, ಏಕೆಂದರೆ ತಿದ್ದಿದ ಪುಟದಲ್ಲಿ ನಮ್ಮ ಕಣ್ಣು ಮಗುವಿನ ಬರವಣಿಗೆಯನ್ನು ಬಿಟ್ಟು ನಮ್ಮದೇ ಗುರುತಿನ ಕಡೆಗೆ ಹೋಗುತ್ತದೆ.

ತಂದ ಪುಟಗಳನ್ನು ಮೇಜಿನ ಮೇಲೆ ಹರಡಿ, ಒಂದೇ ಬಗೆಯ ತಪ್ಪುಗಳನ್ನು ಒಟ್ಟಿಗೆ ಇಡಿ. ಉದಾಹರಣೆಗೆ 403ರಿಂದ 187 ಕಳೆದಾಗ ಬೇರೆ ಬೇರೆ ಶಾಲೆಗಳ ಮಕ್ಕಳು 384 ಎಂದೇ ಬರೆದಿರುತ್ತಾರೆ. ಸರಿಯುತ್ತರ 216. ಈ 384 ಎಲ್ಲಿಂದ ಬಂತು? ಬಿಡಿಸ್ಥಾನದಲ್ಲಿ 7ರಿಂದ 3, ಹತ್ತರ ಸ್ಥಾನದಲ್ಲಿ 8ರಿಂದ 0, ನೂರರ ಸ್ಥಾನದಲ್ಲಿ 4ರಿಂದ 1, ಹೀಗೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದರೆ 384 ಬರುತ್ತದೆ. ಅಂದರೆ ಮಗು ಅಜಾಗರೂಕತೆಯಿಂದ ತಪ್ಪಿಲ್ಲ. ಯಾವಾಗಲೂ ದೊಡ್ಡದರಿಂದಲೇ ಚಿಕ್ಕದನ್ನು ಕಳೆಯಬೇಕೆಂದು ಎರಡನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟ ಮಾತನ್ನು ಅದು ನಿಷ್ಠೆಯಿಂದ ಪಾಲಿಸಿದೆ. ಈ ಪುಟವನ್ನು ಮೊದಲ ಬಾರಿ ಇಷ್ಟು ಹತ್ತಿರದಿಂದ ಓದಿದ ದಿನ ನನಗೆ ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ನೆನಪಾದರು. ಎಷ್ಟು ಮಕ್ಕಳ ಪುಟಗಳಿಗೆ ಸುಮ್ಮನೆ ಅಡ್ಡಗೆರೆ ಎಳೆದಿದ್ದೆನೋ!

ಆ ದಿನದ ಸಭೆಗೆ ಒಂದೇ ಒಂದು ತಪ್ಪನ್ನು ಆರಿಸಿಕೊಳ್ಳಿ. ಎರಡನ್ನು ಆರಿಸಿದರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ.

ಮೂರನೇ ಹಂತ: ಮೊದಲು ನಾವೇ ಲೆಕ್ಕ ಮಾಡುವುದು

ಹೆಚ್ಚು ಸಮಯ ಕೊಡಬೇಕಾದ ಹಂತ ಇದು, ಹೆಚ್ಚಿನವರು ಹಾರಿಸಿಬಿಡುವ ಹಂತವೂ ಇದೇ. ಮೇಲೆ ಹೇಳಿದ ಭಿನ್ನರಾಶಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅರ್ಧ ಮತ್ತು ಮೂರನೇ ಒಂದು ಕೂಡಿದರೆ ಆರನೇ ಐದು ಎಂಬುದು ಶಿಕ್ಷಕರೆಲ್ಲರಿಗೂ ಗೊತ್ತು. ಆದರೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಎಂಬ ಪದವನ್ನೇ ಬಳಸದೆ ಅದನ್ನು ತೋರಿಸಿ ಎಂದರೆ ಕೋಣೆಯಲ್ಲಿ ಸ್ವಲ್ಪ ಹೊತ್ತು ಮೌನ ಆವರಿಸುತ್ತದೆ. ಈ ಮೌನಕ್ಕೆ ಯಾರೂ ನಾಚಿಕೊಳ್ಳಬೇಕಾಗಿಲ್ಲ.

12 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿಯೊಂದನ್ನು ಪ್ರತಿಯೊಬ್ಬರೂ ಕತ್ತರಿಸಿಕೊಳ್ಳಿ. ಅದೇ ಅಳತೆಯ ಇನ್ನೊಂದು ಪಟ್ಟಿಯನ್ನು ಸರಿಯಾಗಿ ಅರ್ಧಕ್ಕೆ ಮಡಚಿದರೆ 6 ಸೆಂಟಿಮೀಟರ್, ಮತ್ತೊಂದನ್ನು ಮೂರು ಸಮಭಾಗವಾಗಿ ಮಡಚಿದರೆ ಒಂದು ಭಾಗಕ್ಕೆ 4 ಸೆಂಟಿಮೀಟರ್. ಈ ಎರಡು ತುಂಡುಗಳನ್ನು ತುದಿಗೆ ತುದಿ ಸೇರಿಸಿ ಇಡೀ ಪಟ್ಟಿಯ ಪಕ್ಕದಲ್ಲಿಡಿ: 10 ಸೆಂಟಿಮೀಟರ್ ತುಂಬಿ, 2 ಸೆಂಟಿಮೀಟರ್ ಖಾಲಿ ಉಳಿಯುತ್ತದೆ. ಈಗ ಎರಡೂ ತುಂಡುಗಳನ್ನು ಒಂದೇ ಅಳತೆಯಿಂದ ಶೇಷವಿಲ್ಲದಂತೆ ಅಳೆಯಬಲ್ಲ ಅತಿ ದೊಡ್ಡ ತುಂಡು ಯಾವುದು ಎಂದು ಹುಡುಕಿ. ಆ ಖಾಲಿ ಉಳಿದ 2 ಸೆಂಟಿಮೀಟರೇ ಅದು! ಅಂಥವು ಅರ್ಧದಲ್ಲಿ ಮೂರು, ಮೂರನೇ ಒಂದರಲ್ಲಿ ಎರಡು, ಇಡೀ ಪಟ್ಟಿಯಲ್ಲಿ ಆರು. ಹೀಗೆ ಆರನೇ ಐದು ಎಂಬುದು ಯಾರೂ ಹೇಳಿಕೊಡದೆ ಕೈಗೆ ಸಿಗುತ್ತದೆ, ಛೇದಗಳನ್ನು ಏಕೆ ಸಮ ಮಾಡಬೇಕೆಂಬುದೂ ತಿಳಿಯುತ್ತದೆ.

ಇಷ್ಟಾದ ಮೇಲೆ ಮಗುವಿನ ಉತ್ತರಕ್ಕೆ ಮರಳಿ. ಹೇಗೆ ಮಾಡಿದೆ ಎಂದು ಕೇಳಿದಾಗ ನನ್ನ ತರಗತಿಯ ಹುಡುಗಿಯೊಬ್ಬಳು, "ಎರಡರಲ್ಲಿ ಒಂದು, ಮೂರರಲ್ಲಿ ಒಂದು, ಸೇರಿಸಿದರೆ ಐದರಲ್ಲಿ ಎರಡು ಅಲ್ವಾ ಮಿಸ್?" ಎಂದಳು. ಎರಡು ಬಾರಿ ಗುರಿಯಿಟ್ಟು ಒಮ್ಮೆ, ಮೂರು ಬಾರಿ ಗುರಿಯಿಟ್ಟು ಒಮ್ಮೆ ಹೊಡೆದವರ ಲೆಕ್ಕವಾಗಿದ್ದರೆ ಅವಳ ಮಾತು ಪೂರ್ತಿ ಸರಿ. ಇಲ್ಲಿ ಮಾತ್ರ ಎರಡೂ ಭಾಗಗಳು ಒಂದೇ ಪೂರ್ಣದ ಭಾಗಗಳು ಎಂಬುದು ಅವಳಿಗೆ ಹೊಳೆದಿರಲಿಲ್ಲ. ನಾನು ಅವಳಿಗೆ ತಪ್ಪು ಎನ್ನದೆ, "ಐದನೇ ಎರಡು ಎಂದರೆ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?" ಎಂದು ಕೇಳಿದೆ. ಪಟ್ಟಿ ಮಡಚಿ ನೋಡಿ, ಕಡಿಮೆ ಎಂದಳು. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆಂದು ಅವಳೇ ತನ್ನನ್ನು ಕೇಳಿಕೊಂಡು ರಬ್ಬರ್ ಕೈಗೆತ್ತಿಕೊಂಡಳು. ಇಂಥ ಪ್ರಶ್ನೆಯೊಂದನ್ನು ರೂಪಿಸಿಕೊಂಡು ಎದ್ದರೆ ಬಳಗದ ಆ ದಿನ ಸಾರ್ಥಕವಾದಂತೆ.

ಇಲ್ಲಿ ಸಂದರ್ಭಕ್ಕೆ ಒಪ್ಪುವ ಒಂದು ಮಾತು. ಭಿನ್ನರಾಶಿಗಳನ್ನು ಕೂಡಲು ಛೇದಗಳ ಲ.ಸಾ.ಅ. ಬಳಸುವ ಕ್ರಮವನ್ನು ಕ್ರಿ.ಶ. 850ರ ಸುಮಾರಿಗೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ 'ನಿರುದ್ಧ' ಎಂಬ ಹೆಸರಿನಿಂದ ವಿವರಿಸಿದ್ದಾನೆ. ಮಕ್ಕಳಿಗೆ ಇದನ್ನು ಹೇಳಿ. ಈ ಲೆಕ್ಕ ಎಲ್ಲಿಂದಲೋ ಬಂದು ನಮ್ಮ ಮೇಲೆ ಬಿದ್ದದ್ದಲ್ಲ, ಕನ್ನಡ ನಾಡನ್ನಾಳಿದ ಅರಸನ ಕಾಲದಲ್ಲೇ ಇದರ ಬಗ್ಗೆ ಯೋಚಿಸಿದವರಿದ್ದರು ಎಂದು ತಿಳಿದರೆ ಅವರ ಮುಖ ಅರಳುತ್ತದೆ.

ನಾಲ್ಕನೇ ಹಂತ: ಈಗ ಸಂಪನ್ಮೂಲ ಹುಡುಕುವುದು

ಪ್ರಶ್ನೆ ಸ್ಪಷ್ಟವಾದ ಮೇಲೆ ಹುಡುಕಾಟ ಸುಲಭ. ಮೊದಲು ಪಠ್ಯಪುಸ್ತಕ ತೆರೆಯಿರಿ. ನಿಮ್ಮ ತರಗತಿಯದಕ್ಕೆ ನಿಲ್ಲದೆ ಅದೇ ವಿಷಯ ಬರುವ ಹಿಂದಿನ ಮತ್ತು ಮುಂದಿನ ತರಗತಿಯ ಪುಸ್ತಕಗಳನ್ನೂ ಪಕ್ಕದಲ್ಲಿಟ್ಟು ಓದಿ. ಎನ್‌ಸಿಇಆರ್‌ಟಿ ಪುಸ್ತಕಗಳು ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಬಳಿಕ ಬೀರುವಿನ ಕಿಟ್ ತೆಗೆದು, ಈ ತಪ್ಪಿಗೆ ಅದರಲ್ಲಿ ಯಾವ ವಸ್ತು ನೆರವಾಗುತ್ತದೆ ಎಂಬುದನ್ನು ಮಾತ್ರ ನೋಡಿ. ದೀಕ್ಷಾದ ವಿಡಿಯೊಗಳನ್ನು ಮಕ್ಕಳಿಗೆ ನೇರವಾಗಿ ಹಾಕಿಬಿಡುವ ಬದಲು ಬಳಗವೇ ಮೊದಲು ನೋಡಿ, ಎಲ್ಲಿ ನಿಲ್ಲಿಸಿ ಯಾವ ಪ್ರಶ್ನೆ ಕೇಳಬೇಕೆಂದು ಗುರುತು ಹಾಕಿಕೊಳ್ಳಬೇಕು.

ಪ್ರೌಢಶಾಲೆಯವರಿಗೆ ಜಿಯೋಜೀಬ್ರಾ ಬಹಳ ಉಪಯುಕ್ತ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದ ಈ ತಂತ್ರಾಂಶವನ್ನು ಶಿಕ್ಷಕರು ಉಚಿತವಾಗಿ ಬಳಸಬಹುದು. ಒಮ್ಮೆ ಕಂಪ್ಯೂಟರ್‌ಗೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ತ್ರಿಭುಜದ ಒಂದು ಶೃಂಗವನ್ನು ಹಿಡಿದೆಳೆದಂತೆಲ್ಲ ಮೂರು ಕೋನಗಳ ಅಳತೆ ಬದಲಾಗುತ್ತಿದ್ದರೂ ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಂತಿರುವುದನ್ನು ಕಂಡ ಮಕ್ಕಳು "ಏಕೆ?" ಎಂದು ಕೇಳುತ್ತಾರೆ. ಸಾಧನೆಯ, ಅಂದರೆ ಅದು ಏಕೆ ಹಾಗೆಂದು ತರ್ಕದಿಂದ ತೋರಿಸುವ, ಪಾಠವನ್ನು ಆ ಕ್ಷಣದಿಂದಲೇ ಎತ್ತಿಕೊಳ್ಳಬೇಕು, ಪರದೆಯ ಮೇಲೆ ಕಂಡದ್ದೇ ಸಾಧನೆಯೆಂದು ಪಾಠವನ್ನು ಅಲ್ಲಿಗೇ ಮುಗಿಸಬಾರದು.

ಐದನೇ ಹಂತ: ಒಬ್ಬರು ಪಾಠ ಮಾಡುವುದು, ಉಳಿದವರು ನೋಡುವುದು

ಬಳಗ ಸೇರಿ 40 ನಿಮಿಷದ ಒಂದೇ ಪಾಠವನ್ನು ಯೋಜಿಸಬೇಕು. ಕೇಳುವ ಮುಖ್ಯ ಪ್ರಶ್ನೆಯ ಪದಗಳನ್ನೂ ಮಕ್ಕಳಿಂದ ಬರಬಹುದಾದ ಮೂರು ನಾಲ್ಕು ಉತ್ತರಗಳನ್ನೂ ಬರೆದಿಟ್ಟುಕೊಳ್ಳಿ. ಬಳಿಕ ಒಬ್ಬರು ತಮ್ಮ ತರಗತಿಯಲ್ಲಿ ಆ ಪಾಠ ಮಾಡುತ್ತಾರೆ, ಸಾಧ್ಯವಾದ ಒಬ್ಬಿಬ್ಬರು ಹೋಗಿ ನೋಡುತ್ತಾರೆ. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಹೀಗೆ ಒಟ್ಟಾಗಿ ಪಾಠ ರೂಪಿಸಿ, ನೋಡಿ, ತಿದ್ದುವ ಪದ್ಧತಿ ಬಹಳ ಹಿಂದಿನಿಂದ ನಡೆದುಬಂದಿದೆ. ನೋಡಲು ಹೋದವರ ಕಣ್ಣು ಮಕ್ಕಳ ಮೇಲಿರಬೇಕು: ಯಾರು ಪಟ್ಟಿಯನ್ನು ಹೇಗೆ ಮಡಚಿದರು, ಯಾರು ಪಕ್ಕದವರದ್ದು ನೋಡಿ ಬರೆದರು, ಹಿಂದಿನ ಸಾಲಿನಲ್ಲಿ ಪಿಸುಮಾತಿನಲ್ಲಿ ಬಂದ ಸರಿಯುತ್ತರ ಯಾರದು. ಶಿಕ್ಷಕರ ಕೈಬರಹ, ಧ್ವನಿ, ಕಪ್ಪುಹಲಗೆಯ ಬಳಕೆ ಇವುಗಳ ಬಗ್ಗೆ ಮಾತಾಡುವುದಿಲ್ಲವೆಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ತಪಾಸಣೆಯ ಭಯ ಒಮ್ಮೆ ಹೊಕ್ಕಿತೆಂದರೆ ಎರಡನೇ ಬಾರಿಗೆ ತರಗತಿಯ ಬಾಗಿಲು ತೆರೆಯಲು ಯಾರೂ ಮುಂದೆ ಬರುವುದಿಲ್ಲ.

ನೋಡಲು ಹೋಗುವುದು ಆಗದಿದ್ದರೆ ಪಾಠ ಮಾಡಿದವರು ಮಕ್ಕಳು ಆ ದಿನ ಬರೆದ ಹಾಳೆಗಳನ್ನು ಮುಂದಿನ ಸಭೆಗೆ ತಂದರೂ ನಡೆಯುತ್ತದೆ. ಪಾಠವನ್ನು ಅಲ್ಲಿ ತಿದ್ದಿ, ಇನ್ನೊಂದು ಶಾಲೆಯಲ್ಲಿ ಮತ್ತೊಬ್ಬರು ಮಾಡಲಿ.

ಆರನೇ ಹಂತ: ದಾಖಲೆ

ಒಂದು ದಪ್ಪ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಮಗುವಿನ ತಪ್ಪು, ಬಲಪುಟದಲ್ಲಿ ಅದರ ಹಿಂದಿನ ಯೋಚನೆ, ನಾವು ಕೇಳಿದ ಪ್ರಶ್ನೆ, ಆಮೇಲೆ ಏನಾಯಿತು ಎಂಬುದಿರಲಿ. ಫಲಿಸದ ಪಾಠಗಳನ್ನೂ ಬರೆಯಿರಿ. ಹೊಸದಾಗಿ ಸೇರುವ ಶಿಕ್ಷಕರಿಗೆ ಹೆಚ್ಚು ನೆರವಾಗುವುದು ಅವೇ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ್ದು ಎರಡು ದಿನಕ್ಕೆ ಶುಭಾಶಯಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ, ಆದ್ದರಿಂದ ಗುಂಪನ್ನು ಸಭೆಯ ದಿನಾಂಕ ತಿಳಿಸಲಷ್ಟೇ ಬಳಸಿ.

ಒಂದು ವರ್ಷದಲ್ಲಿ ಎಂಟು ಹತ್ತು ತಪ್ಪುಗಳ ದಾಖಲೆ ಸೇರಿದಾಗ ಅದರ ಒಂದು ನಕಲನ್ನು ನಿಮ್ಮ ಜಿಲ್ಲೆಯ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ) ಕೊಡಿ. ಮುಂದಿನ ತರಬೇತಿಯಲ್ಲಿ ನಮಗೆ ಬೇಕಾದದ್ದು ಸ್ಥಾನಬೆಲೆಯೋ, ದಶಮಾಂಶವೋ, ಬೀಜಗಣಿತದ ಆರಂಭವೋ ಎಂದು ನಿಮ್ಮ ಮಕ್ಕಳ ಹಾಳೆಗಳನ್ನೇ ಮುಂದಿಟ್ಟು ಕೇಳಬಹುದು. ಹೆಸರಿಗೆ ಮಾತ್ರ ಹಾಜರಿ ಹಾಕಿ ಬರುತ್ತಿದ್ದ ತರಬೇತಿಗೆ ನಮ್ಮ ಬಳಗ ಮೊದಲ ಬಾರಿ ಪ್ರಶ್ನೆಗಳ ಪಟ್ಟಿ ಹಿಡಿದು ಹೋದಾಗ, ಸಂಪನ್ಮೂಲ ವ್ಯಕ್ತಿಯವರು ತಮ್ಮ ಸ್ಲೈಡುಗಳನ್ನು ಬದಿಗಿಟ್ಟು ಆ ಪಟ್ಟಿಯ ಮೊದಲ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದರು. ಅದು 403ರಿಂದ 187 ಕಳೆಯುವ ಲೆಕ್ಕವಾಗಿತ್ತು.