ಗುಂಪಿನ ಕೊನೆಯಲ್ಲಿ ನಡೆಯುವವನು

ಮಂಗಳೂರಿನಿಂದ ಗೆಳೆಯರನ್ನು, ಗೆಳೆಯರ ಗೆಳೆಯರನ್ನು ಸೇರಿಸಿಕೊಂಡು ಕುದುರೆಮುಖ ಹತ್ತುವುದು ನನಗೆ ಹಲವು ವರ್ಷಗಳ ಅಭ್ಯಾಸ. ದಾರಿ ತೋರಿಸಲು ಊರಿನ ಗೈಡ್ ಮುಂದೆ ಇರುತ್ತಾರೆ. ನಾನು ಕೊನೆಯಲ್ಲಿ ನಡೆಯುತ್ತೇನೆ. ನನ್ನ ಹಿಂದೆ ಯಾರೂ ಉಳಿಯಬಾರದು, ಕೆಲಸ ಇಷ್ಟೇ. ಕೇಳೋಕೆ ಸುಲಭ. ಆದರೆ ಬೆಟ್ಟದಲ್ಲಿ ಆಗುವುದೆಲ್ಲ ಆಗುವುದು ಗುಂಪಿನ ಬಾಲದಲ್ಲೇ. ಶೂ ಬಾಯಿ ಬಿಡುವುದು ಅಲ್ಲಿ, ಮಂಡಿ ಹಿಡಿಯುವುದು ಅಲ್ಲಿ, ಗಂಡ ಹೆಂಡತಿ ಜಗಳ ಆಡುವುದೂ ಅಲ್ಲೇ. ಮುಂದಿನವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅವರು ಫೋಟೊ ತೆಗೆಯುತ್ತಿರುತ್ತಾರೆ.

ವಾಟ್ಸಾಪ್‌ನಲ್ಲಿ "ನಾನೂ ಬರ್ತೇನೆ" ಅಂದವರನ್ನೆಲ್ಲ ನೇರ ಕುದುರೆಮುಖಕ್ಕೆ ಕರೆದುಕೊಂಡು ಹೋಗುವುದಿಲ್ಲ. ಮೊದಲು ಒಂದು ಭಾನುವಾರ ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು. 1794ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಜಮಲಾಬಾದ್ ಕೋಟೆ ಇರುವ ಬಂಡೆ ಅದು. ಕಲ್ಲಿನಲ್ಲೇ ಕಡಿದ ಮೆಟ್ಟಿಲು, ನೆತ್ತಿಗೆ ಬಿಸಿಲು. ಅರ್ಧ ದಿನದಲ್ಲಿ ಮುಗಿಯುತ್ತದೆ. ಯಾರು ಬೇಗ ಹತ್ತಿದರು ಅಂತ ನಾನು ನೋಡುವುದೇ ಇಲ್ಲ. ಇಳಿಯುವಾಗ ನೋಡುತ್ತೇನೆ. ಯಾರಾದರೂ ಮೈಯನ್ನು ಅಡ್ಡ ತಿರುಗಿಸಿ, ಪ್ರತಿ ಮೆಟ್ಟಿಲಿಗೂ ಅದೇ ಕಾಲನ್ನು ಮೊದಲು ಇಡುತ್ತಿದ್ದರೆ ಆ ಕಾಲಿನ ಮಂಡಿಯಲ್ಲೇ ಏನೋ ಉಂಟು, ಹೇಳುತ್ತಿಲ್ಲ ಅಂತ ಲೆಕ್ಕ. ಅಂಥವರಿಗೆ ಬರಬೇಡಿ ಅನ್ನುವುದಿಲ್ಲ. ಕೋಲು, ಮಂಡಿಪಟ್ಟಿ ತರಲು ಹೇಳುತ್ತೇನೆ. ಬ್ಲೂಟೂತ್ ಸ್ಪೀಕರ್ ತರುವವರು ಯಾರು ಅಂತಲೂ ಅಲ್ಲೇ ತಿಳಿಯುತ್ತದೆ. ಅವರಿಗೆ ಆಮೇಲೆ ಗಾಡಿಯಲ್ಲಿ ಸೀಟು ಸಿಗುವುದಿಲ್ಲ.

ಶೂ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. ಕರಾವಳಿಯವರಿಗೆ ಇದು ದೊಡ್ಡ ಕಾಟ. ವರ್ಷಕ್ಕೊಮ್ಮೆ ಹಾಕುವ ಶೂ ಅಟ್ಟದ ಮೇಲೆ ಇಡೀ ಮಳೆಗಾಲ ಕಳೆದಿರುತ್ತದೆ. ನೋಡಲು ಹೊಸದೇ. ಆದರೆ ನಮ್ಮ ಗಾಳಿಯ ತೇವಕ್ಕೆ ಅಂಟು ಬಿಟ್ಟಿರುತ್ತದೆ, ಕೆಲವು ಶೂಗಳಲ್ಲಿ ಸೋಲ್‌ನ ಫೋಮ್ ಕೂಡ ಒಳಗೊಳಗೇ ಪುಡಿಯಾಗಿರುತ್ತದೆ. ಮೊದಲ ತೊರೆ ದಾಟುವಾಗ ಪಟ್ ಅಂತ ಕಿತ್ತು ಬರುತ್ತದೆ. ಬೆಲೆ ಜಾಸ್ತಿ ಕೊಟ್ಟ ಶೂ ಆದರೂ ಅಷ್ಟೇ. ಹೊರಡುವ ಒಂದು ವಾರ ಮೊದಲು ಅದನ್ನು ಹಾಕಿಕೊಂಡು ಕದ್ರಿ ಗುಡ್ಡ ಹತ್ತಿ ಇಳಿಯಿರಿ ಅಂತ ಎಲ್ಲರಿಗೂ ಹೇಳುತ್ತೇನೆ. ಅರ್ಧ ಜನ ಕೇಳುವುದಿಲ್ಲ. ಅದಕ್ಕೆ ನನ್ನ ಚೀಲದಲ್ಲಿ ಸಪೂರ ನೈಲಾನ್ ಹಗ್ಗ ಯಾವಾಗಲೂ ಇರುತ್ತದೆ.

ಕಟ್ಟುವುದಕ್ಕೂ ಒಂದು ಕ್ರಮ ಉಂಟು. ಅಡಿಯಿಂದ ಸುಮ್ನೆ ಸುತ್ತಿ ಗಂಟು ಹಾಕಿದರೆ ಕಲ್ಲಿಗೆ ಉಜ್ಜಿ ಸ್ವಲ್ಪ ಹೊತ್ತಿನಲ್ಲೇ ತುಂಡಾಗುತ್ತದೆ. ಸೋಲ್‌ನ ಉಬ್ಬುಗಳ ಮಧ್ಯೆ ಸಂದಿ ಇರುತ್ತದಲ್ಲ, ಹಗ್ಗ ಅಲ್ಲಿ ಕೂರಬೇಕು. ಬೆರಳುಗಳ ಬುಡದಲ್ಲಿ ಒಂದು ಸುತ್ತು, ಹಿಮ್ಮಡಿಯ ಸ್ವಲ್ಪ ಮುಂದೆ ಇನ್ನೊಂದು. ಆ ಎರಡನೆಯದನ್ನು ಶೂವಿನ ಹಿಂಭಾಗದಿಂದ ಬಳಸಿ ತಂದು ಮೇಲೆ ಕಟ್ಟಬೇಕು. ಗಂಟು ಹೊರಬದಿಗೆ ಬರಲಿ, ಒಳಬದಿಗೆ ಬಂದರೆ ಇನ್ನೊಂದು ಕಾಲಿಗೆ ತಾಗುತ್ತದೆ. ಹೀಗೆ ಕಟ್ಟಿದ ಶೂವಿನಲ್ಲಿ ತುದಿಗೆ ಹೋಗಿ ಬಂದವರಿದ್ದಾರೆ. ಗೈಡ್ ಮಾತ್ರ ಇದನ್ನೆಲ್ಲ ನೋಡಿ ನಗುತ್ತಾರೆ. ಅವರ ಕಾಲಲ್ಲಿ ಹವಾಯಿ ಚಪ್ಪಲಿ.

ದಾರಿ ಎಲ್ಲರಿಗೂ ಗೊತ್ತಿರುವುದೇ. ಮೂಡಬಿದಿರೆ, ಕಾರ್ಕಳ, ಬಜಗೋಳಿ, ಮಾಳ, ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ಅನ್ನುವಲ್ಲಿ ಕುದುರೆಮುಖದ ಕಡೆ ತಿರುವು. ಕಾರ್ಕಳದಲ್ಲಿ ಬನ್ಸ್ ಕಂಡರೆ ಕೈ ತಡೆಯುವುದಿಲ್ಲ, ಆದರೆ ಹೊಟ್ಟೆ ತುಂಬ ತಿಂದವರು ಮಾಳ ಘಾಟಿಯಲ್ಲಿ ಅದನ್ನು ವಾಪಸ್ ಕೊಡುತ್ತಾರೆ. ಕಾಡಿನೊಳಗೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಬನ್ಸ್ ಕಟ್ಟಿಸಿಕೊಂಡು ಘಾಟಿ ಮುಗಿದ ಮೇಲೆ ತಿನ್ನುವುದು ಒಳ್ಳೆಯದು. ಕುದುರೆಮುಖ ಪೇಟೆ ಬಂದಾಗ ಗುಂಪಿನಲ್ಲಿ ಒಬ್ಬರಾದರೂ "ನಮ್ಮ ಮಾವ ಇಲ್ಲಿ ಕೆಲಸಕ್ಕಿದ್ದರು" ಅನ್ನುತ್ತಾರೆ. ಇಲ್ಲಿನ ಗಣಿಯ ಕಬ್ಬಿಣದ ಅದಿರು ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಬರುತ್ತಿದ್ದ ಕಾಲ ಅದು. 2005ರ ಕೊನೆಗೆ ಗಣಿ ನಿಂತಿತು. ಖಾಲಿ ಕ್ವಾರ್ಟರ್ಸ್ ನೋಡುತ್ತಾ ಗಾಡಿಯಲ್ಲಿ ಸ್ವಲ್ಪ ಹೊತ್ತು ಮಾತು ಕಡಿಮೆಯಾಗುತ್ತದೆ.

ಟೆಂಟ್ ಹಾಕುವುದು ಸಂಸೆ ಕಡೆಯ ಒಂದು ಮನೆಯ ಅಂಗಳದಾಚೆ, ಕೊಯ್ಲಾದ ಗದ್ದೆಯಲ್ಲಿ. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಒಳಗೆ ರಾತ್ರಿ ತಂಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ತುದಿಯಲ್ಲೇ ಟೆಂಟ್ ಹಾಕಬೇಕು ಅಂತ ಹಟ ಹಿಡಿಯುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಜನವರಿಯ ಹೊತ್ತಿಗೆ ಆ ಗುಡ್ಡಗಳ ಹುಲ್ಲು ಹೇಗೆ ಒಣಗಿರುತ್ತದೆ ಅಂತ ಒಮ್ಮೆ ನೋಡಿದರೆ ಹಟ ಇಳಿಯುತ್ತದೆ. ಒಂದು ಕಿಡಿ ಸಾಕು, ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ.

ಮಂಗಳೂರಿನವರ ಹತ್ತಿರ ಸ್ವೆಟರ್ ಇರುವುದಿಲ್ಲ. ಇದ್ದರೂ ಅದನ್ನು ಮೇಲೆ ಹೊದೆಯುತ್ತಾರೆ. ಚಳಿ ಬರುವುದು ಕೆಳಗಿನಿಂದ. ಹೊದಿಕೆ ಎಷ್ಟು ದಪ್ಪ ಇದ್ದರೂ ಬೆನ್ನ ಕೆಳಗೆ ತೆಳು ಚಾಪೆ ಇದ್ದರೆ ನಿದ್ದೆ ಇಲ್ಲ. ನಾವು ಮನೆಯವರನ್ನು ಕೇಳಿ ಒಣ ಬೈಹುಲ್ಲು ತಂದು ಟೆಂಟಿನ ಅಡಿಗೆ ಒಂದು ಗೇಣು ಹಾಸುತ್ತೇವೆ. ಮೇಲೆ ಟಾರ್ಪಾಲು, ಅದರ ಮೇಲೆ ಟೆಂಟ್. ಟಾರ್ಪಾಲಿನ ಅಂಚು ಟೆಂಟಿನಿಂದ ಹೊರಗೆ ಇಣುಕಬಾರದು, ಇಣುಕಿದರೆ ರಾತ್ರಿಯ ಇಬ್ಬನಿ ಹರಿದು ಅಡಿಗೆ ಬರುತ್ತದೆ. ಟೆಂಟಿನ ಗಾಳಿಕಿಂಡಿ ಮುಚ್ಚಬಾರದು. ಚಳಿ ಅಂತ ಮುಚ್ಚಿದರೆ ನಮ್ಮ ಉಸಿರೇ ನೀರಾಗಿ ಬೆಳಿಗ್ಗೆ ಮುಖದ ಮೇಲೆ ತೊಟ್ಟಿಕ್ಕುತ್ತದೆ.

ಕ್ಯಾಂಪ್‌ಫೈರ್ ಇಲ್ಲದೆ ಎಂತ ಕ್ಯಾಂಪ್ ಅಂತ ಹುಡುಗರು ಗೊಣಗುತ್ತಿದ್ದಾಗ ಆ ಮನೆಯ ಅಕ್ಕ ಕರೆದರು: "ಬೆಂಕಿ ಬೇಕಾದ್ರೆ ಬಚ್ಚಲಿಗೆ ಬನ್ನಿ ಮಾರಾಯ್ರೆ, ಹಂಡೆ ಒಲೆ ಉರೀತಾ ಉಂಟು." ಆವತ್ತಿನಿಂದ ಅದೇ ನಮ್ಮ ಕ್ಯಾಂಪ್‌ಫೈರ್. ಸರದಿಯ ಮೇಲೆ ಒಲೆ ಮುಂದೆ ಕೂತು ಕೈ ಕಾಯಿಸಿ, ಬಿಸಿನೀರು ಮಿಂದು, ಊಟಕ್ಕೆ ಹೋಗುವುದು.

ಊಟ ಆ ಮನೆಯಲ್ಲೇ. ನಾವೇ ಅಡುಗೆ ಮಾಡುವುದಾದರೆ ಕುಚ್ಚಲಕ್ಕಿ ಬೇಡ. ಬೇಯಲು ಮೊದಲೇ ಹೊತ್ತು ಬೇಕು, ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಇನ್ನೂ ನಿಧಾನ. ಸಣ್ಣ ಗ್ಯಾಸ್ ಡಬ್ಬಿ ಖಾಲಿಯಾದರೂ ಗಂಜಿ ಆಗುವುದಿಲ್ಲ. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ ಆದೀತು. ಬೆಟ್ಟಕ್ಕೆ ಕಟ್ಟಿಕೊಳ್ಳುವುದಾದರೆ ಅವಲಕ್ಕಿ, ತೆಂಗಿನಕಾಯಿ, ಬೆಲ್ಲ, ಬಾಳೆಹಣ್ಣು.

ಇಂಬಳಕ್ಕೆ (ಜಿಗಣೆಗೆ) ಎಲ್ಲರೂ ಹೆದರುತ್ತಾರೆ. ನವೆಂಬರ್‌ನಲ್ಲೂ ಗುಡ್ಡದ ಮಡಿಕೆಗಳಲ್ಲಿ ಬೆಳೆಯುವ ದಟ್ಟ ಶೋಲಾ ಕಾಡಿನ ನೆರಳಲ್ಲಿ ಇರುತ್ತವೆ. ತೆಂಗಿನೆಣ್ಣೆಯಲ್ಲಿ ನಶ್ಯ ಕಲಸಿ ಸಾಕ್ಸ್‌ಗೆ ಹಚ್ಚಿದರೆ ಹೆಚ್ಚಿನವು ಹತ್ತಿರ ಬರುವುದಿಲ್ಲ. ಕಚ್ಚಿದರೂ ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ತುರಿಸುತ್ತದೆ, ಅಷ್ಟೇ. ನಾನು ಹೆದರುವುದು ಉಣುಗಿಗೆ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ, ಈಗಲೂ ಮಲೆನಾಡಿನಲ್ಲಿ ಉಂಟು. ಅದರ ಕಾಲವೂ ನಾವು ಬೆಟ್ಟಕ್ಕೆ ಹೋಗುವ ಕಾಲವೂ ಒಂದೇ, ಮಳೆ ಬಿಟ್ಟ ಒಣ ತಿಂಗಳುಗಳು. ಹಾಗಾಗಿ ತರಗೆಲೆಯ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲ. ಕಲ್ಲಿನ ಮೇಲೆ ಕೂರಿ. ತುಂಬುತೋಳಿನ ಅಂಗಿ ಹಾಕಿ. ವಾಪಸ್ ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ನೋಡಿಕೊಳ್ಳಿ. ಮುಂದಿನ ವಾರ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಹತ್ತುವ ದಿನ ಬೇಗ ಎದ್ದು ಜೀಪಿನಲ್ಲಿ, ನಡಿಗೆ ಶುರುವಾಗುವ ಮುಳ್ಳೋಡಿಗೆ. ಆ ಜೀಪಿನ ದಾರಿಗಿಂತ ನಡೆಯುವುದೇ ಸುಖ ಅನ್ನಿಸುತ್ತದೆ. ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿರಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ವಾರಾಂತ್ಯದ್ದು ಬೇಗ ಮುಗಿಯುತ್ತದೆ. ತುದಿ 1,890 ಮೀಟರ್ ದಾಟುತ್ತದೆ. ಹೋಗಿ ಬರಲು 20 ಕಿಲೋಮೀಟರ್ ಹತ್ತಿರ.

ಕೊನೆಯವರಿಗೆ ಬೆಟ್ಟದಲ್ಲಿ ಒಂದು ಅನ್ಯಾಯ ಆಗುತ್ತದೆ. ಮುಂದಿನವರು ಕೂತು ದಣಿವಾರಿಸಿಕೊಳ್ಳುತ್ತಾರೆ. ಕೊನೆಯವರು ಏದುಸಿರು ಬಿಡುತ್ತಾ ಬಂದ ಕೂಡಲೇ "ಎಲ್ಲರೂ ಬಂದ್ರಲ್ಲ, ಹೋಗುವ" ಅಂತ ಎದ್ದುಬಿಡುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೆ ವಿಶ್ರಾಂತಿಯೇ ಇಲ್ಲ. ಅದಕ್ಕೆ ನಾನು ಗೈಡ್ ಹತ್ತಿರ ಮೊದಲೇ ಮಾತಾಡಿರುತ್ತೇನೆ: ನಾನು ಬಂದು ಕೂತು, ನೀರು ಕುಡಿದು, ನಾನೇ ಎದ್ದ ಮೇಲೆ ಹೊರಡುವುದು.

"ಇನ್ನು ಸ್ವಲ್ಪವೇ" ಅನ್ನುವ ಮಾತನ್ನು ನಾನು ಬಿಟ್ಟಿದ್ದೇನೆ. ಸುಸ್ತಾದವರಿಗೆ ಆ ಮಾತು ಮೋಸ. ಎದುರು ಕಾಣುವ ಒಂದು ಗುರುತು ಹೇಳಬೇಕು, ಆ ತೊರೆ ತನಕ, ಆ ಒಂಟಿ ಮರದ ತನಕ. ಒಮ್ಮೆ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಏರಿನ ಮಧ್ಯೆ ಕೂತುಬಿಟ್ಟರು.

"ನೀನು ಹೋಗು ಮಾರಾಯಾ. ಬರುವಾಗ ಕರೆದ್ರೆ ಸಾಕು."

"ಆಯ್ತು ಸರ್, ನಾನೂ ಕೂರ್ತೇನೆ. ನನಗೂ ಸುಸ್ತು ಉಂಟು" ಅಂದೆ. ಬೆಲ್ಲದ ತುಂಡು, ನೀರು ಕೊಟ್ಟೆ. ಚಿಟಿಕೆ ಉಪ್ಪನ್ನೂ ನೆಕ್ಕಿದರು. ಸೆಕೆ ಊರಿನವರ ಮೈ, ಬೆವರಿನಲ್ಲೇ ಅರ್ಧ ಉಪ್ಪು ಹೋಗಿರುತ್ತದೆ. ಬ್ಯಾಂಕಿನ ಕತೆ ಎತ್ತಿದರು, ಸಾಲ ಕಟ್ಟದೆ ಓಡಿಹೋದವನದ್ದು. ಕತೆ ಅರ್ಧಕ್ಕೆ ಬಂದಾಗ ಎದ್ದು ನಡೆಯುತ್ತಲೇ ಮುಂದುವರಿಸಿದರು. ಮುಗಿಯುವಾಗ ನಾವು ಏಣಿನ, ಅಂದರೆ ಬೆಟ್ಟದ ಬೆನ್ನಿನ ಮೇಲಿದ್ದೆವು.

ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುವುದು ಅಂತ ಬೆಳಿಗ್ಗೆಯೇ ಗೈಡ್ ಹೇಳುತ್ತಾರೆ. ಆ ಹೊತ್ತಿಗೆ ತುದಿ ಸಿಗದಿದ್ದರೆ ನಾನು ಬಾಲದವರ ಜೊತೆ ಏಣಿನಲ್ಲೇ ಉಳಿಯುತ್ತೇನೆ. ನನ್ನನ್ನು ಕೇಳಿದರೆ ಅದೇ ಚಂದ. ತುದಿಯಲ್ಲಿ ಹೆಚ್ಚಾಗಿ ಮಂಜು, ಫೋಟೊದಲ್ಲಿ ನಾವು ಮಾತ್ರ ಕಾಣುತ್ತೇವೆ. ಏಣಿನಿಂದ ಹುಲ್ಲುಗಾವಲು, ಅದರ ಮಡಿಕೆಗಳಲ್ಲಿ ಕಪ್ಪಗೆ ಶೋಲಾ, ಎಲ್ಲ ಕಾಣುತ್ತದೆ. ತೊರೆಯಲ್ಲಿ ಸೋಪು ತೆಗೆದವರಿಗೆ ಒಂದೇ ಮಾತು ಹೇಳುತ್ತೇನೆ. ನೇತ್ರಾವತಿ ಹುಟ್ಟುವುದು ಈ ಬೆಟ್ಟಸಾಲಿನಲ್ಲಿ, ಅದು ತುಂಬೆ ಅಣೆಕಟ್ಟಿನಿಂದ ನಿಮ್ಮ ಮನೆಯ ನಲ್ಲಿಗೇ ಬರುತ್ತದೆ.

ಇಳಿಯುವ ಮೊದಲು ಶೂ ದಾರ ಬಿಚ್ಚಿ ಮತ್ತೆ ಕಟ್ಟಬೇಕು. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಪಾದ ಹಿಂದೆ ಸರಿಸಿ, ಮೇಲೆ ಬಿಗಿಯಾಗಿ. ಇಲ್ಲದಿದ್ದರೆ ಹೆಬ್ಬೆರಳು ಮುಂದೆ ಬಡಿದು ಉಗುರು ಕಪ್ಪಾಗುತ್ತದೆ, ತಿಂಗಳು ಕಳೆದು ಉದುರುತ್ತದೆ. ಉಗುರು ಮೊದಲೇ ಕತ್ತರಿಸಿಕೊಂಡು ಬಂದವರು ಜಾಣರು.

ಬೆಟ್ಟದ ಬುಡದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಜೀಪಿಗೆ, ಗೈಡ್‌ಗೆ, ಮನೆಯವರಿಗೆ ನಗದೇ ಕೊಡಬೇಕು. ಹೆಚ್ಚಾಗಿ ನನ್ನ ಕಿಸೆಯಿಂದಲೇ ಹೋಗುತ್ತದೆ. ಅದಕ್ಕೆ ವಾಪಸ್ ಬರುವಾಗ ಬಜಗೋಳಿಯಲ್ಲಿ ಸಿಗ್ನಲ್ ಬಂದ ಕೂಡಲೇ ತಲೆಗೆ ಎಷ್ಟು ಅಂತ ಹೇಳಿ, ಎಲ್ಲರ ಫೋನ್ ಹೊರಗೆ ತೆಗೆಸುತ್ತೇನೆ. ಚಹಾ ಕುಡಿಯುವ ಮೊದಲೇ ಹಣ ಬಂದಿರಬೇಕು. ಮಂಗಳೂರು ಮುಟ್ಟಿದ ಮೇಲೆ ಕೇಳಿದರೆ ಎಲ್ಲರೂ "ಕಾಲು ನೋವು, ನಾಳೆ ಹಾಕ್ತೇನೆ" ಅನ್ನುತ್ತಾರೆ.